ವಾಚ್ ಒಂದು ಲೆಕ್ಕ, ಫೋನ್ ಒಂದು ಲೆಕ್ಕ, ಇನ್ಶೂರೆನ್ಸ್ ಆ್ಯಪ್ ಮತ್ತೊಂದು ಲೆಕ್ಕ. ಯಾವುದನ್ನ ನಂಬೋದು?

ಕುಕ್ಕರಹಳ್ಳಿ ವಾಕರ್:
ಎಲ್ರಿಗೂ ನಮಸ್ಕಾರ. ಗೊತ್ತಿರೋರು ಯಾರಾದ್ರೂ ಬಿಡಿಸಿ ಹೇಳಿ.

ನನ್ನ ಹತ್ರ ಎರಡೂವರೆ ಸಾವಿರದ ಸ್ಮಾರ್ಟ್‌ವಾಚ್ ಇದೆ. ಬ್ರ್ಯಾಂಡ್ ಹೆಸರು ಬೇಡ, ಸುಮ್ನೆ ಜಗಳ ಶುರುವಾಗತ್ತೆ. ಅದಕ್ಕೆ ಅದರದ್ದೇ ಆ್ಯಪ್. ಫೋನ್‌ನಲ್ಲಿ ಹೆಜ್ಜೆ ಎಣಿಸೋ ಗೂಗಲ್ ಫಿಟ್ ಆ್ಯಪ್ ಮುಂಚಿಂದ್ಲೂ ಇದೆ. ಇದ್ರ ಮೇಲೆ ಹೆಲ್ತ್ ಇನ್ಶೂರೆನ್ಸ್ ಕಂಪನಿಯ ಆ್ಯಪ್. ದಿನಕ್ಕೆ 10,000 ಹೆಜ್ಜೆ ಆದ್ರೆ ಪಾಯಿಂಟ್ ಕೊಡ್ತಾರೆ, ರಿನ್ಯೂವಲ್ ಟೈಮಲ್ಲಿ ಪ್ರೀಮಿಯಂನಲ್ಲಿ ಸ್ವಲ್ಪ ಬಿಡ್ತಾರೆ. ಅದೇ ಆಸೆಗೆ ಇಷ್ಟೆಲ್ಲ.

ನಿನ್ನೆ ಬೆಳಿಗ್ಗೆ ಕೆರೆ ಸುತ್ತ ನಡೆದೆ, ಸಂಜೆ ದೇವರಾಜ ಮಾರ್ಕೆಟ್ ಓಡಾಡಿದೆ. ವಾಚ್ ಎಂಟು ಸಾವಿರ ಚಿಲ್ಲರೆ ಅಂತು. ಫಿಟ್ ಹದಿನಾಲ್ಕು ಸಾವಿರ ಅಂತು. ಇನ್ಶೂರೆನ್ಸ್ ಆ್ಯಪ್ ಮೂರು ಸಾವಿರ. ನಡೆದೋನು ಮಾತ್ರ ನಾನೊಬ್ಬನೇ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ "ಅನ್‌ಇನ್‌ಸ್ಟಾಲ್ ಮಾಡಿ ಇನ್‌ಸ್ಟಾಲ್ ಮಾಡಿ ಸರ್" ಅನ್ನೋದು ಬಿಟ್ರೆ ಬೇರೆ ಮಾತಿಲ್ಲ. ಮಾಡಿದ್ದೂ ಆಯ್ತು. ಈ ಮೂರನ್ನೂ ಒಂದು ದಾರಿಗೆ ತರೋದು ಹೇಗೆ?

ಲಾಸ್ಟ್ ಬೆಂಚ್:
ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿ. ಮುಂದಿನ ಪ್ರಶ್ನೆ.

ಕರಾವಳಿ ಕೋಡರ್:
ಮಾರಾಯ್ರೆ, ಇಲ್ಲಿ ತಪ್ಪು ಒಂದಲ್ಲ, ಎರಡು ಬೇರೆ ಬೇರೆ ತಪ್ಪು ಉಂಟು. ಉದ್ದ ಆಗ್ತದೆ, ತಾಳ್ಮೆ ಇರ್ಲಿ.

ಮೊದಲು ಹದಿನಾಲ್ಕು ಸಾವಿರದ ಕಥೆ. ಫಿಟ್‌ಗೆ ಎರಡು ಬಾಗಿಲಿಂದ ಹೆಜ್ಜೆ ಬರ್ತಾ ಉಂಟು. ನಿಮ್ಮ ಕಿಸೆಯಲ್ಲಿರುವ ಫೋನಿನ ಸೆನ್ಸರ್ ಎಣಿಸುವುದು ಒಂದು, ವಾಚಿನ ಆ್ಯಪ್ ಕಳಿಸುವುದು ಇನ್ನೊಂದು. ಎರಡೂ ಒಂದೇ ಹೊತ್ತಿನದ್ದು ಅಂತ ಗೊತ್ತಾದ್ರೆ ಒಂದನ್ನು ಬಿಡ್ತದೆ. ಆದ್ರೆ ಕೆಲವು ಅಗ್ಗದ ವಾಚಿನ ಆ್ಯಪ್‌ಗಳು ನಿಮಿಷ ನಿಮಿಷದ ಲೆಕ್ಕ ಕಳಿಸುವುದಿಲ್ಲ, ಇಡೀ ದಿನದ್ದನ್ನು ಒಂದೇ ಗಂಟು ಕಟ್ಟಿ ಎಸೀತವೆ. ಆಗ ಯಾವುದರ ಮೇಲೆ ಯಾವುದು ಬಿತ್ತು ಅಂತ ತಿಳಿಯುವುದು ಹೇಗೆ? ಕೂಡಿ ಹೋಗ್ತದೆ.

ಇನ್ನು ಮೂರು ಸಾವಿರ. ನೀವು ಇನ್ಶೂರೆನ್ಸ್ ಆ್ಯಪನ್ನು ಬೆಳಿಗ್ಗೆ ಒಮ್ಮೆ ತೆರೆದಿರಬಹುದು. ತೆರೆದಾಗ ಎಷ್ಟು ಇತ್ತೋ ಅಷ್ಟೇ ಓದಿ ಕೂತಿದೆ. ಅದು ತಾನಾಗಿ ಹಿಂದಿನಿಂದ ಓದ್ಬೇಕಾದ್ರೆ ಬೇರೆಯೇ ಅನುಮತಿ ಬೇಕು.

ಈಗ ಪರಿಹಾರ. ಗೂಗಲ್ ಫಿಟ್ ಆ್ಯಪ್‌ಗಳ ನಡುವೆ ಸೇತುವೆ ಆಗಿ ಕೆಲಸ ಮಾಡುವ ಕಾಲ ಮುಗೀತು. 2024ರ ಮೇ 1ರಿಂದಲೇ ಹೊಸ ಆ್ಯಪ್‌ಗಳನ್ನು ಅದರ ಎಪಿಐಗೆ (ಬೇರೆ ಆ್ಯಪ್‌ಗಳು ಫಿಟ್ ಜೊತೆ ಲೆಕ್ಕ ಹಂಚಿಕೊಳ್ಳುವ ದಾರಿ) ಸೇರಿಸಿಕೊಳ್ಳುವುದನ್ನು ನಿಲ್ಲಿಸಿದ್ದಾರೆ, ಹಳಬರಿಗೆ ಕೊಟ್ಟ ಗಡುವು 2026. ಅದರ ಜಾಗಕ್ಕೆ ಬಂದದ್ದು ಹೆಲ್ತ್ ಕನೆಕ್ಟ್. 2022ರಲ್ಲಿ ಗೂಗಲ್, ಸ್ಯಾಮ್‌ಸಂಗ್ ಒಟ್ಟಿಗೆ ತಂದದ್ದು. ಆಂಡ್ರಾಯ್ಡ್ 14 ಇದ್ರೆ ಸೆಟ್ಟಿಂಗ್ಸ್ ಒಳಗೇ ಉಂಟು, ಹೆಸರು ಹಾಕಿ ಹುಡುಕಿ. ಅದಕ್ಕಿಂತ ಹಳೆಯ ಫೋನಾದ್ರೆ ಪ್ಲೇ ಸ್ಟೋರಿಂದ ಹಾಕಿಕೊಳ್ಳಿ. ಇದು ವಠಾರದ ನೀರಿನ ತೊಟ್ಟಿ ಇದ್ದ ಹಾಗೆ. ಸುರಿಯುವವರು ಬೇರೆ, ತುಂಬಿಸಿಕೊಂಡು ಹೋಗುವವರು ಬೇರೆ. ಹೆಜ್ಜೆಯನ್ನು ಸುರಿಯುವ ಅನುಮತಿ ವಾಚಿನ ಆ್ಯಪ್ ಒಂದಕ್ಕೆ ಮಾತ್ರ ಕೊಡಿ. ಇನ್ಶೂರೆನ್ಸ್ ಆ್ಯಪ್‌ಗೆ ಓದುವ ಅನುಮತಿ ಸಾಕು. ಫಿಟ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಅದು ತಾನೇ ಚಟುವಟಿಕೆ ಎಣಿಸುವುದನ್ನು ಆಫ್ ಮಾಡಿ.

ಹೆಲ್ತ್ ಕನೆಕ್ಟ್ ಒಳಗೆ ಡೇಟಾ ಮೂಲಗಳ ಆದ್ಯತೆ ಅಂತ ಒಂದು ಪಟ್ಟಿ ಉಂಟು. ಎಲ್ಲಕ್ಕಿಂತ ಮೇಲೆ ವಾಚಿನ ಆ್ಯಪನ್ನು ಎಳೆದು ಇಡಿ. ನೂರಕ್ಕೆ ತೊಂಬತ್ತು ಜನ ಆ ಪಟ್ಟಿಯನ್ನು ತೆರೆದೇ ನೋಡಿರುವುದಿಲ್ಲ.

ಧಾರವಾಡದಾಂವ:
ಕೋಡರ್ ಅವ್ರು ಹೇಳಿದ್ದು ಖರೇ, ಆದ್ರ ಮುಖ್ಯ ಮಾತು ಬಿಟ್ಟಾರ. ಬ್ಯಾಟರಿ! ಫೋನ್ ಕಂಪನಿಯವ್ರು ಬ್ಯಾಟರಿ ಉಳಸ್ತೀವಿ ಅಂತ ಹೇಳಿ, ಹಿಂದ ಓಡೋ ಆ್ಯಪ್ ಎಲ್ಲಾ ಕುತ್ತಿಗಿ ಹಿಚುಕಿ ಬಿಡ್ತಾರ. ಪರದೆ ಆಫ್ ಆದ ಹತ್ತು ನಿಮಿಷಕ್ಕ ವಾಚಿನ ಆ್ಯಪ್ ಸತ್ತಿರ್ತದ. ಆಮೇಲೆ ಸಿಂಕ್ ಎಲ್ಲಿಂದ ಬರಬೇಕ್ರಿ?

ನಮ್ಮ ಅಪ್ಪಾಜಿ ಫೋನಿನ್ಯಾಗ ಇದೇ ಆಗಿತ್ತು. ಸೆಟ್ಟಿಂಗ್ಸ್‌ನ್ಯಾಗ ವಾಚಿನ ಆ್ಯಪ್ ಹಿಡಕೊಂಡು, ಬ್ಯಾಟರಿ ಅನ್ನೋದರಾಗ ಅನ್‌ರಿಸ್ಟ್ರಿಕ್ಟೆಡ್ ಅಂತ ಇಡ್ರಿ. ಆಟೋಸ್ಟಾರ್ಟ್ ಅಂತ ಬ್ಯಾರೆ ಇದ್ರ ಅದನ್ನೂ ಆನ್ ಮಾಡ್ರಿ. ರೀಸೆಂಟ್ ಆ್ಯಪ್ ಪಟ್ಟಿಯೊಳಗ ಅದಕ್ಕ ಬೀಗ ಹಾಕೋ ಸೌಲತ್ತು ಕೆಲವು ಫೋನಿನ್ಯಾಗ ಅದ, ಅದನ್ನೂ ಹಾಕ್ರಿ. "ಎಲ್ಲಾ ಕ್ಲೀನ್ ಮಾಡು" ಅಂತ ಬಟನ್ ಒತ್ತೋ ಚಟ ಇದ್ರ ಇವತ್ತ ಬಿಡ್ರಿ. ನಮ್ಮ ಅಪ್ಪಾಜಿಗೆ ಆ ಚಟ ಬಿಡಸೂದ ಸಿಂಕ್ ಮಾಡೂದಕಿಂತ ಕಠಿಣ ಆತು.

ಕುಕ್ಕರಹಳ್ಳಿ ವಾಕರ್:
ಅನ್‌ರಿಸ್ಟ್ರಿಕ್ಟೆಡ್ ಇಟ್ರೆ ಬ್ಯಾಟರಿ ಬೇಗ ಖಾಲಿ ಆಗಲ್ವಾ ಸರ್?

ಧಾರವಾಡದಾಂವ:
ಸ್ವಲ್ಪ ಆಗ್ತದ್ರಿ. ಅದು ಬ್ಲೂಟೂತ್ ಲೋ ಎನರ್ಜಿ, ಭಾಳ ತಿನ್ನಂಗಿಲ್ಲ. ನೀವು ರೀಲ್ಸ್ ನೋಡೂದರ ಮುಂದ ಅದು ಲೆಕ್ಕಕ್ಕ ಇಲ್ಲ.

ರಾಗಿಮುದ್ದೆ ರಂಗಮ್ಮ:
ಅಯ್ಯೋ ಹೆಜ್ಜೆ ಲೆಕ್ಕ ನನ್ನನ್ನ ಕೇಳ್ರಪ್ಪ! ಮಗ ತಂದ್ಕೊಟ್ಟ ವಾಚ್ ಕಟ್ಕೊಂಡು ಮುದ್ದೆ ತೊಳಸೋಕೆ ನಿಂತ್ರೆ, ಒಲೆ ಮುಂದೆ ನಿಂತ ಜಾಗ್ದಲ್ಲೇ ನಾನ್ನೂರು ಐನೂರು ಹೆಜ್ಜೆ ಆಯ್ತದೆ. ಮನೆಗೆ ನೆಂಟ್ರು ಬಂದ ದಿನ ಟಾರ್ಗೆಟ್ ಮುಗ್ದು ವಾಚಲ್ಲಿ ಪಟಾಕಿ ಹಾರತ್ತೆ. ಅದೇ ತರಕಾರಿ ಚೀಲ ಹಿಡ್ಕೊಂಡು ಮಂಡ್ಯ ಪೇಟೆಯೆಲ್ಲಾ ಸುತ್ತಿದ್ರೆ ಒಂದೂ ಏರಲ್ಲ. ಇದ್ಯಾವ ನ್ಯಾಯ?

ಕರಾವಳಿ ಕೋಡರ್:
ರಂಗಮ್ಮ, ಅದಕ್ಕೆ ಕಾಲು ಕಾಣುವುದಿಲ್ಲ, ಕೈ ಮಾತ್ರ. ಒಳಗಿರುವ ಅಕ್ಸೆಲೆರೋಮೀಟರ್ ಕೈ ತಾಳಬದ್ಧವಾಗಿ ಅಲ್ಲಾಡಿದ್ದನ್ನು ನಡಿಗೆ ಅಂತ ಊಹಿಸ್ತದೆ. ಕೋಲು ತಿರುಗಿಸುವುದು ತಾಳ, ಹಾಗಾಗಿ ನಡಿಗೆ. ಚೀಲ ಹಿಡಿದ ಕೈ, ಮಗುವಿನ ಗಾಡಿ ತಳ್ಳುವ ಕೈ ಅಲ್ಲಾಡುವುದಿಲ್ಲ, ಹಾಗಾಗಿ ಸೊನ್ನೆ. ಚೀಲವನ್ನು ಇನ್ನೊಂದು ಕೈಗೆ ಕೊಡಿ, ಇಲ್ಲ ಪೇಟೆಗೆ ಹೋಗುವಾಗ ಫೋನನ್ನೂ ಒಯ್ಯಿರಿ.

ಸಿಲ್ಕ್ ಬೋರ್ಡ್ ಸಂತ್ರಸ್ತ:
ಫೋನ್ ಇನ್ನೂ ಮೋಸ. ಪ್ಯಾಂಟ್ ಜೇಬಲ್ಲಿ ಫೋನ್ ಇಟ್ಕೊಂಡು ಸ್ಕೂಟರಲ್ಲಿ ಬೊಮ್ಮನಹಳ್ಳಿ ಗುಂಡಿಗಳನ್ನ ದಾಟಿದ್ರೆ ಮನೆ ಸೇರೋ ಹೊತ್ತಿಗೆ ಸಾವಿರ ಹೆಜ್ಜೆ. ಪಾಲಿಕೆಗೆ ಥ್ಯಾಂಕ್ಸ್ ಹೇಳ್ಬೇಕು.

ಲಾಸ್ಟ್ ಬೆಂಚ್:
ಆ ಗುಂಡಿ ಪಾಯಿಂಟ್ಸ್‌ಗೂ ಪ್ರೀಮಿಯಂ ಕಡಿಮೆ ಮಾಡ್ತಾರಾ? ಬೆನ್ನುಮೂಳೆ ಕ್ಲೈಮ್ ಜೊತೆಗೆ?

ಜಯನಗರ ನಾಲ್ಕನೇ ಬ್ಲಾಕ್:
ನಾನು ಇದನ್ನೆಲ್ಲ ಓದ್ತಾ ನಗ್ತಿದೀನಿ. ಐಫೋನ್ ತಗೊಳ್ಳಿ, ಆ್ಯಪಲ್ ಹೆಲ್ತ್ ಅದರಲ್ಲೇ ಇರತ್ತೆ, 2014ರಿಂದ ಇದೆ. ವಾಚು, ಫೋನು, ತೂಕದ ಮಷೀನು ಎಲ್ಲ ಒಂದೇ ಕಡೆ ಬಂದು ಕೂರತ್ತೆ. ಸಮಸ್ಯೆನೇ ಇಲ್ಲ.

ಹಳೇ ನೋಕಿಯಾ:
ಎರಡೂವರೆ ಸಾವಿರದ ವಾಚಿನ ಸಮಸ್ಯೆಗೆ ಒಂದು ಲಕ್ಷದ ಪರಿಹಾರ. ಭೇಷ್.

ಕೃಷ್ಣರಾಜಪೇಟೆ ಕಿರಣ್:
@ಜಯನಗರ ಸಮಸ್ಯೆನೇ ಇಲ್ಲ ಅನ್ನೋದು ಸುಳ್ಳು. ನಾನು ಐಫೋನೇ ಬಳಸ್ತೀನಿ. ಅಲ್ಲೂ ಬೇರೆ ಕಂಪನಿ ವಾಚ್ ಕಟ್ಟಿದ್ರೆ ಇದೇ ಗೋಳು. ಹೆಲ್ತ್ ಆ್ಯಪಲ್ಲಿ ಸ್ಟೆಪ್ಸ್ ತೆಗೆದು ಕೆಳಗೆ ಡೇಟಾ ಮೂಲಗಳು ಅನ್ನೋ ಕಡೆ ಹೋಗಿ, ಎಡಿಟ್ ಒತ್ತಿ, ಯಾವುದು ಮೇಲೆ ಯಾವುದು ಕೆಳಗೆ ಅಂತ ಎಳೆದು ಜೋಡಿಸ್ಬೇಕು. ಜೋಡಿಸಿದ ಮೇಲೂ ಹೆಲ್ತ್ ಆ್ಯಪ್ ಸರಿ ತೋರಿಸತ್ತೆ, ಅದರಿಂದ ಓದೋ ಮೂರನೇ ಆ್ಯಪ್ ತಪ್ಪು ತೋರಿಸತ್ತೆ. ನಮ್ಮ ಆಫೀಸ್ ಸ್ಟೆಪ್ ಚಾಲೆಂಜಲ್ಲಿ ಒಬ್ಬ ದಿನಾ ಮೂವತ್ತು ಸಾವಿರ ಹೊಡೀತಿದ್ದ. ಎಲ್ಲರೂ ಅವನನ್ನ ಮ್ಯಾರಥಾನ್ ಓಟಗಾರ ಅನ್ಕೊಂಡಿದ್ವಿ. ವಾಚು, ಫೋನು, ಹೆಜ್ಜೆ ಎಣಿಸೋ ಸ್ಮಾರ್ಟ್ ಉಂಗುರ ಮೂರೂ ಕೂಡ್ತಿತ್ತು ಅಷ್ಟೆ. ಬಹುಮಾನ ತಗೊಂಡು ಹೋದ ಪುಣ್ಯಾತ್ಮ.

ಕರಾವಳಿ ಕೋಡರ್:
ಕಿರಣ್ ಹೇಳಿದ್ದು ಸರಿ. ಆಂಡ್ರಾಯ್ಡ್‌ನಲ್ಲೂ ಅದೇ ಕಥೆ. ಹೆಲ್ತ್ ಕನೆಕ್ಟ್ ಹತ್ರ "ಇವತ್ತಿನ ಒಟ್ಟು ಎಷ್ಟು" ಅಂತ ಕೇಳಿದ್ರೆ ಅದು ಆದ್ಯತೆಯ ಪಟ್ಟಿ ನೋಡಿ, ಎರಡು ಸಲ ಬಂದದ್ದನ್ನು ತೆಗೆದು ಕೊಡ್ತದೆ. ಕೆಲವು ಆ್ಯಪ್ ಬರೆದವರು ಹಾಗೆ ಕೇಳುವುದಿಲ್ಲ. ಇದ್ದಬದ್ದ ದಾಖಲೆಗಳನ್ನೆಲ್ಲ ಎಳೆದು ತಾವೇ ಕೂಡಿಸ್ತಾರೆ. ಬಳಸುವವನ ಕೈಯಲ್ಲಿ ಅದಕ್ಕೆ ಮದ್ದಿಲ್ಲ. ಬರೆಯುವ ಮೂಲವನ್ನೇ ಒಂದಕ್ಕೆ ಇಳಿಸುವುದು ಮಾತ್ರ ದಾರಿ. ಅದಕ್ಕೇ ನಾನು ಮೊದಲೇ ಹೇಳಿದ್ದು, ತೊಟ್ಟಿಗೆ ಒಬ್ಬನೇ ಸುರೀಲಿ ಅಂತ.

ಸಂಜೆ ನಡಿಗೆ ಶಾರದಾ:
ನಂಗೊಂದು ಬೇರೆ ಪ್ರಶ್ನೆ. ಈ 10,000 ಯಾರು ಹೇಳಿದ್ದು? ನಂಗೆ ಅರವತ್ತಾರು. ಮೊಣಕಾಲು ನೋವು. ಆರು ಸಾವಿರ ದಾಟಿದ್ರೆ ರಾತ್ರಿ ಎಣ್ಣೆ ಹಚ್ಚಿ ಮಲಗ್ಬೇಕು. ವಾಚ್ ಮಾತ್ರ ದಿನಾ ಸಂಜೆ "ಇನ್ನೂ ನಾಲ್ಕು ಸಾವಿರ ಬಾಕಿ" ಅಂತ ಸಾಲಗಾರನ ಥರ ಕೂಗತ್ತೆ.

ಓದುಬಡುಕ:
ಯಾವ ಡಾಕ್ಟರೂ ಹೇಳಿದ್ದಲ್ಲ ಶಾರದಮ್ಮ. 1965ರಲ್ಲಿ ಜಪಾನಿನ ಒಂದು ಕಂಪನಿ ಸೊಂಟಕ್ಕೆ ಕಟ್ಟೋ ಹೆಜ್ಜೆ ಎಣಿಸೋ ಯಂತ್ರ ಮಾರಾಟಕ್ಕೆ ತಂತು. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, ಜನಕ್ಕೆ ವ್ಯಾಯಾಮದ ಹುಚ್ಚು. ಆ ಯಂತ್ರದ ಹೆಸರಲ್ಲೇ ಹತ್ತು ಸಾವಿರ ಇತ್ತು. ಹೇಳೋಕೆ ಚೆನ್ನಾಗಿರೋ ದುಂಡು ಸಂಖ್ಯೆ, ಅದೇ ಉಳ್ಕೊಂಡಿತು.

2019ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಜೊತೆಯವರು ಮಾಡಿದ್ದು. ಸರಾಸರಿ 72 ವಯಸ್ಸಿನ ಹೆಂಗಸರು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯೋರಿಗಿಂತ 4,400 ನಡೆಯೋರಲ್ಲಿ ಸಾವಿನ ಪ್ರಮಾಣ ಎದ್ದು ಕಾಣೋ ಹಾಗೆ ಕಡಿಮೆ ಇತ್ತು. 7,500ರ ಹತ್ರ ಬಂದ ಮೇಲೆ ಹೆಚ್ಚು ನಡೆದಷ್ಟೂ ಹೆಚ್ಚು ಲಾಭ ಅನ್ನೋದು ಕಾಣಲಿಲ್ಲ. ನಿಮ್ಮ ಆರು ಸಾವಿರ ಚೆನ್ನಾಗೇ ಇದೆ. ವಾಚಿನ ಗುರಿಯನ್ನ ಆರು ಸಾವಿರಕ್ಕೆ ಇಳಿಸಿ, ಎಲ್ಲ ಆ್ಯಪಲ್ಲೂ ಆಗತ್ತೆ.

ಹಳೇ ನೋಕಿಯಾ:
ಇಳಿಸಿದ್ರೆ ಸೋಮಾರಿತನ ಬರತ್ತೆ. ಗುರಿ ದೊಡ್ಡದಿರ್ಬೇಕು.

ಓದುಬಡುಕ:
ಮೊಣಕಾಲು ನಿಮ್ದಲ್ಲವಲ್ಲ.

ವಾರ್ಡ್ ನಂಬರ್ ಆರು:
ನಾನು ನರ್ಸ್, ಸರ್ಕಾರಿ ಆಸ್ಪತ್ರೆ. ಹೆಜ್ಜೆ ಹೆಚ್ಚುಕಮ್ಮಿ ಆದ್ರೆ ಯಾರ ಪ್ರಾಣನೂ ಹೋಗಲ್ಲ, ಅದರ ಬಗ್ಗೆ ಎಷ್ಟು ಬೇಕಾದ್ರೂ ಜಗಳ ಆಡಿ. ನನ್ನ ತಕರಾರು ಬಿಪಿ, ಶುಗರ್ ಬಗ್ಗೆ. ಒಪಿಡಿಗೆ ಬರೋರು ವಾಚ್ ತೋರಿಸಿ "ಇದರಲ್ಲಿ ಬಿಪಿ 120/80 ಇದೆ ಸಿಸ್ಟರ್, ಮಾತ್ರೆ ಬಿಟ್ಬಿಟ್ಟೆ" ಅಂತಾರೆ. ತೋಳಿಗೆ ಪಟ್ಟಿ ಕಟ್ಟಿ ನೋಡಿದ್ರೆ 170/100.

ದಯವಿಟ್ಟು ಕೇಳಿ. ಚರ್ಮ ಚುಚ್ಚದೆ ರಕ್ತದ ಸಕ್ಕರೆ ಅಳೆಯೋ ವಾಚಾಗ್ಲಿ ಉಂಗುರ ಆಗ್ಲಿ ಒಂದಕ್ಕೂ ಒಪ್ಪಿಗೆ ಕೊಟ್ಟಿಲ್ಲ, ನಂಬಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿತ್ತು. ತೋಳಿಗೆ ಅಂಟಿಸೋ ಸಿಜಿಎಂ, ಅಂದ್ರೆ ಸಕ್ಕರೆಯನ್ನ ಬಿಡದೆ ಅಳೀತಾ ಇರೋ ಸಾಧನ, ಬೇರೆ ವಿಷಯ. ಅದರಲ್ಲಿ ಸಣ್ಣ ತಂತು ಚರ್ಮದ ಒಳಗೆ ಹೋಗಿರತ್ತೆ, ಅದು ನಿಜವಾಗ್ಲೂ ಅಳೆಯತ್ತೆ.

ಇನ್ನೊಂದು. ವಿದೇಶದಲ್ಲಿರೋ ಮಕ್ಕಳು ಗ್ಲುಕೋಮೀಟರ್ ಕಳಿಸಿರ್ತಾರೆ. ಕೆಲವು ದೇಶಗಳ ಮಷೀನು, ಅದರ ಆ್ಯಪು ಸಕ್ಕರೆಯನ್ನ ಮಿಲಿಮೋಲ್ ಲೆಕ್ಕದಲ್ಲಿ ತೋರಿಸತ್ತೆ. ನಾವು ಇಲ್ಲಿ ನೋಡೋದು ಮಿಲಿಗ್ರಾಂ. 7 ಅಂದ್ರೆ ನಮ್ಮ ಲೆಕ್ಕದಲ್ಲಿ 126. ಹದಿನೆಂಟರಿಂದ ಗುಣಿಸ್ಬೇಕು. ಒಬ್ಬ ಅಜ್ಜಿ "ನನ್ನ ಶುಗರ್ ಏಳಕ್ಕೆ ಇಳಿದಿದೆ, ಸಾಯ್ತೀನಿ" ಅಂತ ಅಳ್ತಾ ಬಂದಿದ್ರು. ಆ್ಯಪ್‌ಗಳನ್ನ ಒಂದಕ್ಕೊಂದು ಜೋಡಿಸೋ ಮುಂಚೆ ಅಳತೆ ಯಾವುದು ಅಂತ ಸೆಟ್ಟಿಂಗ್ಸಲ್ಲಿ ನೋಡಿ.

ಸಿಲ್ಕ್ ಬೋರ್ಡ್ ಸಂತ್ರಸ್ತ:
ಸಿಸ್ಟರ್ ಹೇಳಿದ್ದು ಕೇಳಿ ನೆನಪಾಯ್ತು. ನಮ್ಮ ಪಿಜಿಯಲ್ಲಿ ಒಬ್ಬ ತನ್ನ ಅಗ್ಗದ ವಾಚನ್ನ ಬಾಳೆಹಣ್ಣಿಗೆ ಕಟ್ಟಿದ್ದ. ನಾಡಿಮಿಡಿತ 78, ಆಕ್ಸಿಜನ್ 97. ಬಾಳೆಹಣ್ಣು ನನಗಿಂತ ಆರೋಗ್ಯವಾಗಿತ್ತು.

ವಾರ್ಡ್ ನಂಬರ್ ಆರು:
ಹಿಂದೆ ಇರೋ ಹಸಿರು ದೀಪ ಬೆಳಕು ಬಿಟ್ಟು ಎಷ್ಟು ವಾಪಸ್ ಬಂತು ಅಂತ ನೋಡತ್ತೆ. ಚರ್ಮವೋ ಹಣ್ಣಿನ ಸಿಪ್ಪೆಯೋ ಅದಕ್ಕೇನು ಗೊತ್ತು. ಕೈಗೆ ಕಟ್ಟಿದಾಗ ಪರವಾಗಿಲ್ಲ, ಸಡಿಲ ಇರ್ಬಾರ್ದು ಅಷ್ಟೆ.

ಸ್ಯಾನ್ ಹೋಸೆ ಶ್ರೀಧರ:
ಹಾಯ್, ಈ ಥ್ರೆಡ್ ಸರಿಯಾದ ಸಮಯಕ್ಕೆ ಸಿಕ್ತು. ಅಪ್ಪ ಅಮ್ಮ ಮೈಸೂರಲ್ಲಿ, ನಾನಿಲ್ಲಿ. ಅಪ್ಪಂಗೆ ಹೋದ ವರ್ಷ ಸ್ಟೆಂಟ್ ಹಾಕಿದಾರೆ. ಅವರು ನಡೆದ್ರಾ ಇಲ್ವಾ, ಹಾರ್ಟ್ ರೇಟ್ ಎಷ್ಟಿತ್ತು ಅಂತ ನನ್ನ ಫೋನಲ್ಲಿ ನೋಡೋ ಹಾಗೆ ಆಗ್ಬೇಕು. ಅವರದ್ದು ಆಂಡ್ರಾಯ್ಡ್, ನಂದು ಐಫೋನ್. ಹೆಲ್ತ್ ಕನೆಕ್ಟ್‌ನಿಂದ ಆಗತ್ತಾ?

ಕರಾವಳಿ ಕೋಡರ್:
ನೇರ ಆಗುವುದಿಲ್ಲ ಶ್ರೀಧರಣ್ಣ. ಹೆಲ್ತ್ ಕನೆಕ್ಟ್‌ನ ದತ್ತಾಂಶ ಆ ಫೋನಿನಲ್ಲೇ ಇರ್ತದೆ, ಊರೂರು ತಿರುಗುವುದಿಲ್ಲ. ಅದು ಒಳ್ಳೆಯದೇ. ಆ್ಯಪಲ್ ಹೆಲ್ತ್‌ನಲ್ಲಿ ಮನೆಯವರ ಜೊತೆ ಹಂಚಿಕೊಳ್ಳುವ ಸೌಲಭ್ಯ 2021ರ ಐಒಎಸ್ 15ರಿಂದ ಉಂಟು, ಆದ್ರೆ ಎರಡೂ ಕಡೆ ಐಫೋನ್ ಬೇಕು. ನಿಮಗೆ ದಾರಿ ಅಂದ್ರೆ ವಾಚಿನ ಕಂಪನಿಯ ಆ್ಯಪಿನಲ್ಲೇ ಮನೆಯವರನ್ನು ಸೇರಿಸುವ ಆಯ್ಕೆ ಇರುವಂಥದ್ದನ್ನು ಕೊಳ್ಳುವುದು. ಅದನ್ನೇ ನಿಮ್ಮ ಐಫೋನಿಗೂ ಹಾಕಿಕೊಳ್ಳಿ. ಕೊಳ್ಳುವ ಮೊದಲೇ ನೋಡಿ.

ಇನ್ನೊಂದು ತಲೆಬಿಸಿ ಸಮಯದ್ದು. ನಿಮ್ಮ ಶನಿವಾರ ರಾತ್ರಿ ಅಂದ್ರೆ ಅವರ ಭಾನುವಾರ ಬೆಳಿಗ್ಗೆ. ಅಪ್ಪ ಕೆರೆ ಸುತ್ತಿ ಬಂದು ಕಾಫಿ ಕುಡಿಯುತ್ತಿರುವಾಗ ನಿಮ್ಮ ಪರದೆಯಲ್ಲಿ "ಇವತ್ತು" ಇನ್ನೂ ಶನಿವಾರ. ಸೊನ್ನೆ ಕಂಡ ಕೂಡಲೇ ಗಾಬರಿ ಆಗ್ಬೇಡಿ.

ಧಾರವಾಡದಾಂವ:
ಸಿಟ್ಟಿಗೇಳಬ್ಯಾಡ್ರಿ ಶ್ರೀಧರ ಅವ್ರ, ಆದ್ರ ಒಂದು ಮಾತು. ದಿನಾ ಸಂಜಿಗೆ ಫೋನ್ ಹಚ್ಚಿ "ಅಪ್ಪಾ ಇವತ್ತ ಎಲ್ಲಿ ಮಟಾ ಹೋಗಿದ್ರಿ" ಅಂತ ಕೇಳಿದ್ರ ಸಾಕಲ್ಲ? ಅವ್ರಿಗೂ ಹುರುಪು ಬರ್ತದ. ಗ್ರಾಫ್ ನೋಡಕೋತ ಕೂತ್ರ ಅಪ್ಪ ಹೋಗಿ ಆಫೀಸಿನ ಡ್ಯಾಶ್‌ಬೋರ್ಡ್ ಆಗ್ತಾರ.

ಸ್ಯಾನ್ ಹೋಸೆ ಶ್ರೀಧರ:
ದಿನಾ ಫೋನ್ ಮಾಡ್ತೀನಿ ಸರ್. "ನಡೆದೆ ನಡೆದೆ" ಅಂತಾರೆ. ಅಮ್ಮ ಹಿಂದಿನಿಂದ "ಸುಳ್ಳು, ಗೇಟ್ ತನಕ ಹೋಗಿ ಪೇಪರ್ ತಂದ್ರು" ಅಂತಾರೆ. ಅದಕ್ಕೇ ಬೇಕಾಗಿರೋದು.

ರಾಗಿಮುದ್ದೆ ರಂಗಮ್ಮ:
ಹಂಗಾದ್ರೆ ವಾಚ್ ಯಾಕೆ? ಅಮ್ಮಾರೇ ಅವ್ರೆ ಅಲ್ವಾ, ಚಾರ್ಜೂ ಬೇಡ.

ಪೆಡಲ್ ಪದ್ಮ:
ಯಾರೂ ಪ್ರೈವೆಸಿ ಬಗ್ಗೆ ಮಾತಾಡ್ತಿಲ್ಲ, ಆಶ್ಚರ್ಯ. ನಾನು ಸೈಕಲ್ ಹೊಡೆಯೋಳು, ಓಟ, ಸೈಕಲ್ ದಾರಿ ದಾಖಲಿಸೋ ಸ್ಟ್ರಾವಾ ಆ್ಯಪ್ ಬಳಸ್ತೀನಿ. 2018ರ ಜನವರಿಯಲ್ಲಿ ಏನಾಯ್ತು ನೆನಪಿದೆಯಾ? ಅವರು ಪ್ರಕಟಿಸಿದ್ದ ಜಗತ್ತಿನ ಹೀಟ್‌ಮ್ಯಾಪಲ್ಲಿ (ಜನ ಹೆಚ್ಚು ಓಡಾಡಿದ ಜಾಗ ಹೊಳೆಯೋ ನಕ್ಷೆ) ಮರುಭೂಮಿ ಮಧ್ಯೆ ಇರೋ ಸೈನಿಕ ನೆಲೆಗಳು ಹೊಳೀತಿದ್ವು. ಸೈನಿಕರು ಬೆಳಿಗ್ಗೆ ಓಡೋ ದಾರಿ. 2024ರಲ್ಲಿ ಫ್ರಾನ್ಸಿನ ಲ ಮೋಂದ್ ಪತ್ರಿಕೆ ಬೇರೆ ಬೇರೆ ದೇಶಗಳ ಅಧ್ಯಕ್ಷರುಗಳ ಅಂಗರಕ್ಷಕರ ಓಟದ ದಾಖಲೆ ಹಿಡಿದು, ಅಧ್ಯಕ್ಷರು ಎಲ್ಲಿ ಉಳ್ಕೋತಾರೆ ಅಂತ ಕಂಡುಹಿಡಿದು ಬರೀತು. ಅವರಿಗೇ ಹೀಗಾದ್ರೆ ದಿನಾ ಐದೂವರೆಗೆ ಒಬ್ಬಳೇ ಮನೆಯಿಂದ ಹೊರಡೋ ಹೆಣ್ಣುಮಗಳ ಗತಿ?

ಆ್ಯಪ್‌ಗಳನ್ನ ಜೋಡಿಸೋವಾಗ "ಎಲ್ಲಕ್ಕೂ ಅನುಮತಿ ಕೊಡು" ಅನ್ನೋದನ್ನ ಒತ್ತಲೇಬೇಡಿ. ಇನ್ಶೂರೆನ್ಸ್ ಆ್ಯಪ್‌ಗೆ ಹೆಜ್ಜೆ ಬೇಕು ಸರಿ. ನಿದ್ದೆ ಯಾಕೆ, ಮುಟ್ಟಿನ ದಿನಾಂಕ ಯಾಕೆ, ನಾನು ಓಡೋ ದಾರಿಯ ನಕ್ಷೆ ಯಾಕೆ? ಒಂದೊಂದಾಗಿ ಆಫ್ ಮಾಡಬಹುದು, ಮಾಡಿ. ಸ್ಟ್ರಾವಾದಲ್ಲಿ ಮನೆ ಸುತ್ತಲಿನ ಭಾಗ ಮರೆಮಾಡೋ ಸೆಟ್ಟಿಂಗ್ ಇದೆ, ಅದನ್ನ ಮೊದಲ ದಿನವೇ ಹಾಕ್ಬೇಕು.

ಹಳೇ ನೋಕಿಯಾ:
ಇವತ್ತು ಹೆಜ್ಜೆ ಹೆಚ್ಚಾದ್ರೆ ರಿಯಾಯಿತಿ ಅಂತಾರೆ. ನಾಳೆ ಕಡಿಮೆ ಆದ್ರೆ "ನೀವು ಸೋಮಾರಿ, ಪ್ರೀಮಿಯಂ ಜಾಸ್ತಿ" ಅನ್ನಲ್ಲ ಅಂತ ಏನು ಖಾತ್ರಿ?

ಕುಕ್ಕರಹಳ್ಳಿ ವಾಕರ್:
ಈ ಮಾತು ನಂಗೆ ನಾಟಿತು. ಈಗ್ಲೇ ಹೋಗಿ ನೋಡಿದೆ, ಆ ಆ್ಯಪ್‌ಗೆ ತೂಕ, ನಿದ್ದೆ, ಹಾರ್ಟ್ ರೇಟ್ ಎಲ್ಲಕ್ಕೂ ಅನುಮತಿ ಇತ್ತು. ಹೆಜ್ಜೆ ಬಿಟ್ಟು ಉಳಿದದ್ದೆಲ್ಲ ತೆಗೆದೆ. ಪಾಯಿಂಟ್ ಬರೋದಕ್ಕೆ ಏನೂ ತೊಂದ್ರೆ ಆಗಲಿಲ್ಲ. ಮತ್ಯಾಕೆ ಕೇಳಿದ್ದು ಇವರು?

ನೈಟ್ ಶಿಫ್ಟ್ ನಾಗರಾಜ:
ನಾನು ರಾತ್ರಿ ಕೆಲಸ. ಬೆಳಿಗ್ಗೆ ಎಂಟಕ್ಕೆ ಮಲಗಿ ಮೂರಕ್ಕೆ ಏಳ್ತೀನಿ. ವಾಚ್ ಪ್ರಕಾರ ನಾನು ತಿಂಗಳುಗಟ್ಲೆ ಮಲಗೇ ಇಲ್ಲ, ಆಗಾಗ ಮಧ್ಯಾಹ್ನ "ಸಣ್ಣ ನಿದ್ದೆ" ಮಾಡಿದೀನಿ. ಹೆಜ್ಜೆನೂ ಅಷ್ಟೆ, ಮಧ್ಯರಾತ್ರಿ ಹನ್ನೆರಡಕ್ಕೆ ಸೊನ್ನೆ ಆಗೋಗತ್ತೆ, ನನ್ನ ದಿನದ ನಟ್ಟನಡುವೆ. ಈ ಆ್ಯಪ್ ಮಾಡೋರೆಲ್ಲ ಹತ್ತಕ್ಕೆ ಮಲಗಿ ಆರಕ್ಕೆ ಏಳೋ ಜನ ಅಂತ ಕಾಣತ್ತೆ.

ವಾರ್ಡ್ ನಂಬರ್ ಆರು:
ನಮ್ಮ ಇಡೀ ಸ್ಟಾಫಿನ ಗೋಳೂ ಇದೇ ನಾಗರಾಜ್. ಕೆಲವು ಆ್ಯಪಲ್ಲಿ ಮಲಗೋ ವೇಳೆ ನೀವೇ ಹಾಕಬಹುದು. ಇಲ್ಲಾಂದ್ರೆ ನಿದ್ದೆಯನ್ನ ಕೈಯಿಂದ ಬರೆದು ಸೇರಿಸಿ. ಅಂದಹಾಗೆ ಅಲ್ಲಾಡದೆ ಮಲಗಿ ಸೀರಿಯಲ್ ನೋಡಿದ್ರೂ ಅದು ನಿದ್ದೆ ಅಂತಾನೇ ಬರೆಯೋದುಂಟು, ಜಾಸ್ತಿ ತಲೆ ಕೆಡಿಸ್ಕೋಬೇಡಿ.

ಚಾಮುಂಡಿ ಬೆಟ್ಟ ಚಂದ್ರು:
ನಂದು ಸಣ್ಣ ಡೌಟು. ವಾರಕ್ಕೊಮ್ಮೆ ಸಾವಿರ ಮೆಟ್ಟಿಲು ಹತ್ತಿ ಬೆಟ್ಟದ ತುದಿಗೆ ಹೋಗ್ತೀನಿ. ಹೆಜ್ಜೆ ಬರತ್ತೆ, "ಹತ್ತಿದ ಮಹಡಿ" ಮಾತ್ರ ಸೊನ್ನೆ.

ಕರಾವಳಿ ಕೋಡರ್:
ನಿಮ್ಮ ವಾಚಿನಲ್ಲಿ ಬ್ಯಾರೋಮೀಟರ್ ಇಲ್ಲ. ಎತ್ತರ ತಿಳಿಯುವುದು ಗಾಳಿಯ ಒತ್ತಡದಿಂದ. ಸಿಂಕ್ ಮಾಡಿ ಪ್ರಯೋಜನ ಇಲ್ಲ, ಇಲ್ಲದ್ದು ಎಲ್ಲಿಂದ ಬರ್ತದೆ.

ಕೃಷ್ಣರಾಜಪೇಟೆ ಕಿರಣ್:
ಎಲ್ಲರಿಗೂ ಒಂದು ಎಚ್ಚರಿಕೆ. ಮೂರನೆಯವರ ಸಿಂಕ್ ಆ್ಯಪ್‌ಗಳು ಬರತ್ತಲ್ಲ, ಈ ಕಡೆಯಿಂದ ಆ ಕಡೆಗೆ ದಾಟಿಸೋವು, ಅವು ಉಪಯೋಗಕ್ಕೆ ಬರತ್ತೆ ನಿಜ. ಆದ್ರೆ ದಿಕ್ಕು ಒಂದೇ ಇಡಿ. ನನ್ನ ಭಾವಮೈದ ಎರಡೂ ಕಡೆ ಆನ್ ಮಾಡಿದ್ದ. ಎ ಇಂದ ಬಿ ಗೆ ಹೋಯ್ತು, ಬಿ ಅದನ್ನ ಹೊಸದು ಅನ್ಕೊಂಡು ಎ ಗೆ ವಾಪಸ್ ಕಳಿಸ್ತು. ಒಂದು ಜಾಗಿಂಗ್ ನಾಲ್ಕು ಜಾಗಿಂಗ್ ಆಗಿ ಕೂತಿತ್ತು. ಅಳಿಸೋಕೆ ಇಡೀ ಭಾನುವಾರ ಹಿಡೀತು.

ಪೆಡಲ್ ಪದ್ಮ:
ಕ್ಯಾಲೊರಿ ಬಗ್ಗೆನೂ ಒಂದು ಮಾತು. ಒಂದು ಆ್ಯಪ್ 1,900 ಅಂದ್ರೆ ಇನ್ನೊಂದು 400 ಅನ್ನತ್ತೆ. ಮೊದಲನೇದು ಸುಮ್ನೆ ಉಸಿರಾಡಿಕೊಂಡು ಬದುಕಿರೋಕೆ ದೇಹ ಸುಡೋದನ್ನೂ ಸೇರಿಸಿರತ್ತೆ, ಎರಡನೇದು ಓಡಾಡಿದ್ದು ಮಾತ್ರ. ಊಟದ ಲೆಕ್ಕ ಇಡೋ ಆ್ಯಪ್‌ಗೆ ಮೊದಲನೇ ಸಂಖ್ಯೆ ಸಿಂಕ್ ಆದ್ರೆ, "ಇನ್ನೂ ಒಂದೂವರೆ ಸಾವಿರ ಕ್ಯಾಲೊರಿ ತಿನ್ನಬಹುದು" ಅಂತ ಪರವಾನಗಿ ಕೊಡತ್ತೆ.

ಲಾಸ್ಟ್ ಬೆಂಚ್:
ಆ ಆ್ಯಪ್ ಹೆಸರು ಬೇಕಿತ್ತು. ಯುಗಾದಿ ಹೋಳಿಗೆಗೆ.

ಸಂಜೆ ನಡಿಗೆ ಶಾರದಾ:
ಹೋಳಿಗೆ ಕಾಯಿದೋ ಬೇಳೆದೋ?

ನಿರ್ವಾಹಕ:
ಹೋಳಿಗೆ ಚರ್ಚೆಗೆ ಅಡುಗೆ ವಿಭಾಗ ಇದೆ. ವಿಷಯಕ್ಕೆ ಬನ್ನಿ.

ಕುಕ್ಕರಹಳ್ಳಿ ವಾಕರ್:
ಅಪ್‌ಡೇಟ್ ಕೊಡ್ತೀನಿ. ಕೋಡರ್ ಹೇಳಿದ ಹಾಗೆ ಬರೆಯೋ ಅನುಮತಿ ವಾಚಿನ ಆ್ಯಪ್‌ಗೆ ಮಾತ್ರ ಇಟ್ಟೆ, ಫಿಟ್ ಎಣಿಸೋದನ್ನ ನಿಲ್ಲಿಸಿದೆ, ಧಾರವಾಡದವರು ಹೇಳಿದ ಬ್ಯಾಟರಿ ಸೆಟ್ಟಿಂಗೂ ಮಾಡಿದೆ. ಈಗ ವಾಚು, ಹೆಲ್ತ್ ಕನೆಕ್ಟು ಎರಡೂ ಒಂದೇ ಸಂಖ್ಯೆ ತೋರಿಸ್ತಿವೆ. ಇನ್ಶೂರೆನ್ಸ್ ಆ್ಯಪ್ ಮಾತ್ರ ನಾನು ತೆರೆದಾಗಲೇ ಓದೋದು, ಹಿಂದಿನಿಂದ ಓದೋ ಅನುಮತಿ ಅದು ಕೇಳೋದೇ ಇಲ್ಲ. ರಾತ್ರಿ ಮಲಗೋ ಮುಂಚೆ ಒಂದ್ಸಲ ತೆರೀತೀನಿ. ಮರೆತ್ರೆ ಆ ದಿನದ ಪಾಯಿಂಟ್ ಹೋಯ್ತು. ಹೀಗ್ಯಾಕೆ ಅಂತ ಅವರಿಗೆ ಮೇಲ್ ಹಾಕಿದೀನಿ, "ನಿಮ್ಮ ಪ್ರತಿಕ್ರಿಯೆಗೆ ಧನ್ಯವಾದ" ಅಂತ ಉತ್ತರ ಬಂದಿದೆ.

ಇನ್ನೊಂದು ಗಮನಿಸಿದೆ. ಹಳೇ ತಿಂಗಳುಗಳ ಲೆಕ್ಕ ಇನ್ಶೂರೆನ್ಸ್ ಆ್ಯಪಲ್ಲಿ ಕಾಣ್ತಿಲ್ಲ.

ಕರಾವಳಿ ಕೋಡರ್:
ಅದು ಸಹಜ. ಅನುಮತಿ ಕೊಟ್ಟ ದಿನದಿಂದ ಹಿಂದಕ್ಕೆ 30 ದಿನದ್ದು ಮಾತ್ರ ಆ್ಯಪ್‌ಗೆ ಕಾಣುವುದು. ಇನ್ನೂ ಹಳೆಯದು ಬೇಕಾದ್ರೆ ಆ್ಯಪ್ ಅದಕ್ಕೇ ಅಂತ ಬೇರೆ ಅನುಮತಿ ಕೇಳ್ಬೇಕು. ಕೇಳುವ ಹಾಗೆ ಅದನ್ನು ಬರೆದಿರ್ಬೇಕು. ಹಾಗಾಗಿ ಅನುಮತಿ ಪದೇ ಪದೇ ತೆಗೆದು ಹಾಕುವ ಆಟ ಬೇಡ.

ನೈಟ್ ಶಿಫ್ಟ್ ನಾಗರಾಜ:
ನಾನು ಮುಂದಿನ ತಿಂಗಳು ಫೋನ್ ಬದಲಾಯಿಸ್ತಿದೀನಿ. ಹೆಲ್ತ್ ಕನೆಕ್ಟಲ್ಲಿ ಇರೋದೆಲ್ಲ ತಾನೇ ಹೊಸ ಫೋನಿಗೆ ಬರತ್ತಾ?

ಕರಾವಳಿ ಕೋಡರ್:
ಬರ್ತದೆ ಅಂತ ನಂಬಿ ಕೂರಬೇಡಿ. ಮೊದಲೇ ಹೇಳಿದ ಹಾಗೆ ಅದು ಫೋನಿನ ಒಳಗೇ ಇರುವುದು. ಹೊಸ ಆವೃತ್ತಿಗಳಲ್ಲಿ ಹೆಲ್ತ್ ಕನೆಕ್ಟ್‌ನ ಒಳಗೇ ಬ್ಯಾಕಪ್ ಅಂತ ಉಂಟು, ದಿನಕ್ಕೋ ವಾರಕ್ಕೋ ಒಮ್ಮೆ ಡ್ರೈವ್‌ಗೆ ಕಳಿಸುವ ಹಾಗೆ ಇಡಬಹುದು. ಹಳೆಯ ಫೋನನ್ನು ರೀಸೆಟ್ ಮಾಡುವ ಮೊದಲು ಆ ಫೈಲ್ ಡ್ರೈವ್‌ನಲ್ಲಿ ನಿಜವಾಗಿ ಬಂದು ಕೂತಿದೆಯಾ ನೋಡಿ. ವಾಚಿನ ಆ್ಯಪ್‌ಗೆ ಯಾವ ಇಮೇಲ್‌ನಿಂದ ಲಾಗಿನ್ ಆಗಿದ್ದೀರಿ ಅಂತಲೂ ಬರೆದಿಟ್ಟುಕೊಳ್ಳಿ. ಗೆಸ್ಟ್ ಆಗಿ ಬಳಸ್ತಾ ಇದ್ರೆ ಈಗಲೇ ಅಕೌಂಟ್ ಮಾಡಿ.

ನೈಟ್ ಶಿಫ್ಟ್ ನಾಗರಾಜ:
ಗೆಸ್ಟೇ. ಮಾಡ್ತೀನಿ. ಒಟಿಪಿ ಬರ್ತಿಲ್ಲ ನೋಡಿ ಈಗ.